ಮಾಜಿ ಸೈನಿಕರ ಮೂಗೂ ಪಿಂಚಣಿಯೂ

"ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ" ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿದ್ದಲ್ಲ. ವರ್ಷಾನುಗಟ್ಟಲೆ ಸೈನಸ್ ಹಿಡಿದು ನರಳುವವರನ್ನು ಕೇಳಿ ನೋಡಿ. ಹಣೆಯ ಮೇಲೆ ಕಲ್ಲಿಟ್ಟಂಥ ಭಾರ, ಮೂಗು ಕಟ್ಟಿ ರಾತ್ರಿಯೆಲ್ಲ ಬಾಯಲ್ಲಿ ಉಸಿರಾಟ, ಬಗ್ಗಿದರೆ ಕೆನ್ನೆಯಲ್ಲಿ ನೋವು. ಸೇನೆಯಿಂದ ಬಿಡುಗಡೆಯಾಗಿ ಬಂದು ನಮ್ಮ ಭಾಂಡುಪ್‌ನ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಗದಲ್ಲಿ ಸೆಕ್ಯುರಿಟಿ ಕೆಲಸಕ್ಕೆ ನಿಂತವರಿಗೆ ಲಾರಿಗಳ ಹೊಗೆ, ಮಳೆಗಾಲದ ತೇವ ಎರಡೂ ಸೇರಿದರೆ ಕೇಳಬೇಕೇ?

"ಈ ಕಾಯಿಲೆ ಸೈನ್ಯದಲ್ಲಿದ್ದಾಗಲೇ ಬಂದದ್ದು" ಎಂದು ಅಂಗವೈಕಲ್ಯ ಪಿಂಚಣಿಗೆ ಅರ್ಜಿ ಹಾಕಿದರೆ ಎಷ್ಟೋ ಸಲ ಬರುವುದು ಒಂದೇ ಸಾಲಿನ ಉತ್ತರ: "ಸೇವೆಯಿಂದ ಉಂಟಾದದ್ದಲ್ಲ, ಸೇವೆಯಿಂದ ಉಲ್ಬಣಗೊಂಡದ್ದೂ ಅಲ್ಲ." ಅದನ್ನು ಓದಿ ಕೈಚೆಲ್ಲಿ ಕೂರುವವರು ಬಹಳ. ಹಾಗೆ ಕೂರಬೇಕಾಗಿಲ್ಲ ಎಂದು ತಿಳಿಸುವುದೇ ಈ ತಿಂಗಳ ಅಂಕಣದ ಉದ್ದೇಶ.

ಭೂಸೇನೆಯ 1961ರ ಪಿಂಚಣಿ ನಿಯಮಗಳು ಎರಡು ಷರತ್ತು ಹಾಕುತ್ತವೆ. ಕಾಯಿಲೆ ಸೇವೆಯಿಂದ ಬಂದಿರಬೇಕು ಇಲ್ಲವೇ ಸೇವೆಯಿಂದ ಹೆಚ್ಚಾಗಿರಬೇಕು. ಜೊತೆಗೆ ವೈಕಲ್ಯ ಶೇಕಡಾ 20ಕ್ಕೆ ಕಡಿಮೆ ಇರಬಾರದು. ಬಿಡುಗಡೆಯ ಹೊತ್ತಿಗೆ ನಡೆಯುವ ವೈದ್ಯಕೀಯ ಮಂಡಳಿ ಈ ಎರಡಕ್ಕೂ ಉತ್ತರ ಬರೆಯುತ್ತದೆ. ಮೂಗಿನ ಕಾಯಿಲೆಯವರು ಎಡವುವುದು ಇಲ್ಲಿಯೇ. ಗುಂಡೇಟಾದರೆ ಗಾಯದ ಗುರುತು ಕಾಣುತ್ತದೆ. ಲಡಾಖಿನ ಒಣ ಚಳಿ, ಬಂಕರಿನೊಳಗಿನ ಸೀಮೆಎಣ್ಣೆ ಬುಖಾರಿಯ ಹೊಗೆ, ರಾಜಸ್ಥಾನದ ಮರಳುಗಾಳಿ ಇವು ಮೂಗಿನ ಮೇಲೆ ಗುರುತು ಬಿಟ್ಟು ಹೋಗುವುದಿಲ್ಲ. "ಇದು ಮೈಗುಣದ ಅಲರ್ಜಿ" ಎಂದು ಬರೆದುಬಿಟ್ಟರೆ ಮುಗಿಯಿತು.

ಮುಗಿಯಲಿಲ್ಲ ಎಂದು ಹೇಳಿದ್ದು ಸುಪ್ರೀಂ ಕೋರ್ಟು. ಧರಮ್‌ವೀರ್ ಸಿಂಗ್ ಎಂಬ ಸಿಪಾಯಿ 1985ರಲ್ಲಿ ಸೇನೆಗೆ ಸೇರಿದರು. ಮೂರ್ಛೆರೋಗವೆಂದು 1994ರಲ್ಲಿ ಅವರನ್ನು ಹೊರಕ್ಕೆ ಕಳಿಸಿ ಪಿಂಚಣಿ ನಿರಾಕರಿಸಲಾಯಿತು. 2013ರ ಜುಲೈಯಲ್ಲಿ ತೀರ್ಪು ಅವರ ಪರವಾಗಿ ಬಂತು. ಅದರ ಸಾರ ಇಷ್ಟು: ಸೇರುವಾಗಿನ ತಪಾಸಣೆಯಲ್ಲಿ ಕಾಯಿಲೆಯ ನಮೂದು ಇಲ್ಲದಿದ್ದರೆ ಆತ ಆರೋಗ್ಯವಂತನಾಗಿದ್ದನೆಂದೇ ತಿಳಿಯಬೇಕು. ಆಮೇಲೆ ಬಂದದ್ದು ಸೇವೆಯಿಂದ ಅಲ್ಲವೆನ್ನುವುದಾದರೆ ಅದನ್ನು ತೋರಿಸುವ ಹೊಣೆ ಸರ್ಕಾರದ್ದು, ಸಿಪಾಯಿಯದ್ದಲ್ಲ. ಸಂಶಯದ ಲಾಭ ಸಿಪಾಯಿಗೇ ಸಲ್ಲಬೇಕು. ಸೇರುವಾಗ ಕಾಯಿಲೆಯನ್ನು ಕಂಡುಹಿಡಿಯಲಾಗುತ್ತಿರಲಿಲ್ಲ ಎಂದು ಮಂಡಳಿ ಹೇಳುವುದಾದರೆ ಕಾರಣ ಕೊಟ್ಟು ಬರೆಯಬೇಕು. ತೀರ್ಪು ಮೂರ್ಛೆರೋಗದ್ದಾದರೂ ತತ್ತ್ವ ಮೂಗಿಗೂ ಅನ್ವಯಿಸುತ್ತದೆ.

ಇನ್ನು ಶೇಕಡಾ ಲೆಕ್ಕ. ಪೂರ್ತಿ ನೂರು ವೈಕಲ್ಯಕ್ಕೆ ಕೊನೆಯ ಸಂಬಳದ ಶೇ. 30 ಸಿಗುತ್ತದೆ, 20ಕ್ಕೆ ಶೇ. 6 ಮಾತ್ರ. ಆದರೆ 20ರಿಂದ 50ರ ಒಳಗಿನದನ್ನು 50 ಎಂದೇ ಎಣಿಸುವ ಸೌಲಭ್ಯವಿದೆ. ಅವಧಿ ಮುಗಿಸಿ ನಿವೃತ್ತರಾದವರಿಗೂ ಅದು ಸಲ್ಲಬೇಕೆಂದು 2014ರ ಡಿಸೆಂಬರಿನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ತೀರ್ಪಾಯಿತು. ಅಂದರೆ ಕೊನೆಯ ಸಂಬಳ 40,000 ರೂಪಾಯಿ ಇದ್ದವರಿಗೆ ತಿಂಗಳಿಗೆ 2,400ರ ಬದಲು 6,000 ರೂಪಾಯಿ. ಮಂಡಳಿ 19 ಎಂದು ಬರೆದರೆ, ಅವಧಿ ಮುಗಿಸಿದವರಿಗೆ ಸೊನ್ನೆ. ಕಾಯಿಲೆಯ ಕಾರಣಕ್ಕೆ ಅವಧಿಗೆ ಮುಂಚೆಯೇ ಮನೆಗೆ ಕಳಿಸಿದ್ದರೆ ಮಾತ್ರ ವೈಕಲ್ಯ 20ಕ್ಕಿಂತ ಹೆಚ್ಚೆಂದೇ ಭಾವಿಸಬೇಕೆಂದು ಅದೇ ವರ್ಷದ ಸುಖ್‌ವಿಂದರ್ ಸಿಂಗ್ ತೀರ್ಪು ಹೇಳಿದೆ.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಟ್ರಂಕು ತೆರೆಯಿರಿ. ಬಿಡುಗಡೆಯ ವೈದ್ಯಕೀಯ ಮಂಡಳಿಯ ವರದಿ, ಮಿಲಿಟರಿ ಆಸ್ಪತ್ರೆಯ ಚೀಟಿಗಳು, ಎಕ್ಸ್‌ರೇ, ಮೂಗಿನ ಆಪರೇಷನ್ ಆಗಿದ್ದರೆ ಅದರ ಕಾಗದ ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ. ವರದಿ ಸಿಗದಿದ್ದರೆ ನಿಮ್ಮ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆಯಿರಿ. ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಅದು ಬೆಳಗಾವಿಯಲ್ಲಿದೆ, ಮದ್ರಾಸ್ ಇಂಜಿನಿಯರ್ ಗ್ರೂಪಿನವರಿಗೆ ಬೆಂಗಳೂರಿನಲ್ಲಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದ್ದೇ ಇದೆ.

ದಾಖಲೆಗೆ ಎಷ್ಟು ಬೆಲೆ ಎಂಬುದಕ್ಕೆ ಅಮೆರಿಕವನ್ನು ನೋಡಿ. ಅಲ್ಲಿ ಸೈನಸ್ ಕಾಯಿಲೆಯ ಶೇಕಡಾವನ್ನು ನಿಗದಿ ಮಾಡುವಾಗ ವರ್ಷಕ್ಕೆ ಎಷ್ಟು ಸಲ ಕಾಯಿಲೆ ಮರುಕಳಿಸಿತು, ಎಷ್ಟು ವಾರ ಆಂಟಿಬಯೋಟಿಕ್ ತೆಗೆದುಕೊಳ್ಳಬೇಕಾಯಿತು ಎಂದು ಎಣಿಸುತ್ತಾರೆ. ಇರಾಕ್, ಅಫ್ಘಾನಿಸ್ತಾನಗಳಲ್ಲಿ ಕಸ ಸುಡುವ ಗುಂಡಿಗಳ ಹೊಗೆ ಕುಡಿದವರಿಗೆ ದೀರ್ಘಕಾಲದ ಸೈನಸ್ ಬಂದರೆ ಅದು ಸೇವೆಯಿಂದಲೇ ಬಂದದ್ದೆಂದು ಒಪ್ಪುವ ಕಾಯಿದೆಯನ್ನೂ 2022ರಲ್ಲಿ ಮಾಡಿದರು. ನಮ್ಮಲ್ಲಿ ಅಂಥ ಕಾಯಿದೆ ಇಲ್ಲದ್ದರಿಂದ ಎಲ್ಲಿ ಪೋಸ್ಟಿಂಗ್ ಇತ್ತು, ಮೊದಲ ಸಲ ಎಂದು ಚಿಕಿತ್ಸೆ ಪಡೆದಿರಿ ಎಂಬುದನ್ನು ನೀವೇ ಬರೆದು ತೋರಿಸಬೇಕು.

ಅರ್ಜಿ ತಿರಸ್ಕೃತವಾದರೆ ಆರು ತಿಂಗಳೊಳಗೆ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ ಎರಡನೆಯದು. ಅದರ ನಂತರ 2007ರ ಕಾಯಿದೆಯಂತೆ ಸ್ಥಾಪನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಅದರ ಒಂದು ಪೀಠ ಮುಂಬಯಿಯಲ್ಲೇ ಇರುವುದರಿಂದ ನಮ್ಮವರು ದೆಹಲಿಗೆ ಅಲೆಯಬೇಕಾಗಿಲ್ಲ. ಅಲ್ಲಿಗೂ ಕೊನೆಯ ಆದೇಶದಿಂದ ಆರು ತಿಂಗಳ ಗಡುವಿದೆ. ತಡವಾದರೆ ತಕ್ಕ ಕಾರಣ ಕೊಟ್ಟು ಕ್ಷಮೆ ಕೋರಬಹುದು. ಹತ್ತು ಹದಿನೈದು ವರ್ಷ ಕಳೆಯಿತೆಂದು ಎದೆಗುಂದಬೇಡಿ. ಪಿಂಚಣಿಯ ನಿರಾಕರಣೆ ತಿಂಗಳು ತಿಂಗಳೂ ಮುಂದುವರಿಯುವ ಅನ್ಯಾಯವೆಂದು 2008ರ ತರ್ಸೇಮ್ ಸಿಂಗ್ ತೀರ್ಪು ಒಪ್ಪಿದೆ. ಆದರೆ ಬಾಕಿ ಹಣ ಅರ್ಜಿಯ ಹಿಂದಿನ ಮೂರು ವರ್ಷಕ್ಕಷ್ಟೇ ಸಿಗುತ್ತದೆ. ತಡಮಾಡಿದ ಒಂದೊಂದು ತಿಂಗಳೂ ನಷ್ಟವೇ.

ಒಂದು ಎಚ್ಚರಿಕೆ: 2023ರ ಸೆಪ್ಟೆಂಬರ್ 21ರ ನಂತರ ನಿವೃತ್ತರಾದವರಿಗೆ ಹೊಸ ನಿಯಮಗಳಿವೆ. ಅವರು ಹಳೆಯ ತೀರ್ಪುಗಳನ್ನಷ್ಟೇ ನಂಬಿ ಹೊರಡದೆ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲೋ ಈ ವಿಷಯ ಬಲ್ಲ ವಕೀಲರಲ್ಲೋ ಮೊದಲು ವಿಚಾರಿಸಲಿ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಬಿಲ್ಡಿಂಗಿನಲ್ಲಿ, ಚಾಳಿನಲ್ಲಿ ಮಾಜಿ ಸೈನಿಕರಿದ್ದರೆ ಈ ಪುಟವನ್ನು ಅವರಿಗೆ ಓದಿ ಹೇಳಿ. ಇಂಗ್ಲಿಷಿನ ಆ ಒಂದು ಸಾಲಿನ ಉತ್ತರಕ್ಕೆ ಹೆದರಿ ಕುಳಿತವರಿಗೆ ಅರ್ಜಿ ಬರೆದುಕೊಡಲು ನಮ್ಮ ವಿದ್ಯಾವಂತ ತರುಣ ತರುಣಿಯರು ಒಂದು ಭಾನುವಾರ ಕೊಟ್ಟರೆ ಸಾಕು.