ಬ್ಯಾಂಡ್‌ಸಾ ಮೋಟಾರು ಪದೇ ಪದೇ ಸುಡುವುದೇಕೆ?

ಗದಗ ಜಿಲ್ಲೆಯ ಅಬ್ಬಿಗೇರಿಯಂತಹ ಊರುಗಳಲ್ಲಿ ಬಡಿಗತನವು ಇಂದಿಗೂ ಒಕ್ಕಲುತನದ ಜೊತೆಗೇ ನಡೆಯುವ ಉದ್ಯೋಗವಾಗಿದೆ. ಎರೆ ಹೊಲದ ಕುಂಟೆ, ಕೂರಿಗೆಗಳಿಗೆ ಜಾಲಿ, ಬಾಗಿಲು ಚೌಕಟ್ಟುಗಳಿಗೆ ಬೇವು, ಸಾಗವಾನಿ. ಇವನ್ನು ಸೀಳಲು ಈಗ ಕೈಗರಗಸದ ಸ್ಥಾನದಲ್ಲಿ ಬ್ಯಾಂಡ್‌ಸಾ ಬಂದಿದೆ. ಬಿತ್ತನೆಗೆ ಮುಂಚಿನ ವಾರಗಳಲ್ಲಿ ಅದರ ಮೋಟಾರು ಸುಟ್ಟಿತೆಂದರೆ, ಗದಗಿಗೆ ಸಾಗಿಸಿ, ರಿವೈಂಡಿಂಗ್ ಮಾಡಿಸಿ, ಮರಳಿ ಕೂಡಿಸುವವರೆಗೆ ಕೆಲಸ ನಿಲ್ಲುತ್ತದೆ. ಆಳುಗಳ ಪಗಾರ ನಿಲ್ಲುವುದಿಲ್ಲ. ಹೊಲ ಹದಕ್ಕೆ ಬಂದ ರೈತನೂ ಕಾಯುವುದಿಲ್ಲ.

ಮೋಟಾರು ಒಮ್ಮೆ ಸುಟ್ಟರೆ ಅದನ್ನು ಆಕಸ್ಮಿಕವೆನ್ನಬಹುದು. ವರ್ಷದಲ್ಲಿ ಎರಡನೆಯ ಸಲ ಸುಟ್ಟರೆ ದೋಷವನ್ನು ಮೋಟಾರಿನ ಹೊರಗೆ ಹುಡುಕುವುದು ಉಚಿತ. ಆದರೆ ಬಹುತೇಕ ಉದ್ದಿಮೆದಾರರು ರಿವೈಂಡಿಂಗ್ ಅಂಗಡಿಯನ್ನು ಬದಲಿಸುತ್ತಾರೆಯೇ ಹೊರತು ಕಾರಣವನ್ನು ಹುಡುಕುವುದಿಲ್ಲ.

ಹಳೆಯ ತಂತಿಯನ್ನು ಬಿಚ್ಚುವ ಮುನ್ನವೇ ಮಾಲೀಕನು ಅದನ್ನು ಕಣ್ಣಾರೆ ನೋಡಬೇಕು. ಸುತ್ತಿನ ಎಲ್ಲ ಸುರುಳಿಗಳೂ ಸಮನಾಗಿ ಕಪ್ಪಾಗಿದ್ದರೆ ಮಿತಿಮೀರಿದ ಹೊರೆ ಅಥವಾ ಕಡಿಮೆ ವೋಲ್ಟೇಜು ಕಾರಣವಾಗಿರುತ್ತದೆ. ಕೆಲವು ಸುರುಳಿಗಳು ಸುಟ್ಟು ಉಳಿದವು ಹೊಸದರಂತಿದ್ದರೆ ಒಂದು ಫೇಸು ಹೋಗಿದ್ದಾಗ ಮೋಟಾರು ಓಡಿದೆ ಎಂದೇ ತಿಳಿಯಬೇಕು. ಡೆಲ್ಟಾ ಜೋಡಣೆಯಲ್ಲಿ ಒಂದು ಫೇಸಿನ ಸುರುಳಿಗಳು, ಸ್ಟಾರ್ ಜೋಡಣೆಯಲ್ಲಿ ಎರಡು ಫೇಸಿನವು ಸುಡುತ್ತವೆ. ಐದು ನಿಮಿಷದ ಈ ಪರೀಕ್ಷೆಗೆ ಖರ್ಚಿಲ್ಲ. ತಂತಿ ಬಿಚ್ಚಿದ ಮೇಲೆ ಮಾತ್ರ ಸಾಕ್ಷ್ಯವೆಲ್ಲ ಗುಜರಿಗೆ ಹೋಗಿಬಿಡುತ್ತದೆ.

ವೋಲ್ಟೇಜಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಮೋಟಾರಿನ ತಿರುಗುಬಲವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. 415 ವೋಲ್ಟ್ ಇರಬೇಕಾದಲ್ಲಿ 360 ಬಂದರೆ ಬಲವು ಮುಕ್ಕಾಲಿಗೆ ಇಳಿಯುತ್ತದೆ. ಜಾಲಿಯ ದಿಮ್ಮಿಯಾದರೋ ಮೊದಲಿನಷ್ಟೇ ಗಟ್ಟಿ. ಕೊರತೆಯನ್ನು ತುಂಬಲು ಮೋಟಾರು ಹೆಚ್ಚು ಆಂಪಿಯರ್ ಎಳೆದು ಕಾಯುತ್ತದೆ. ನಿರೋಧಕದ ಉಷ್ಣತೆ ಮಿತಿಗಿಂತ 10 ಡಿಗ್ರಿ ಏರಿದರೆ ಅದರ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬುದು ಈ ಕ್ಷೇತ್ರದ ಹಳೆಯ ಲೆಕ್ಕ. ಗುಡ್ಡಗಳ ಮೇಲೆ ಗಾಳಿಯಂತ್ರಗಳು ವಿದ್ಯುತ್ ಉತ್ಪಾದಿಸುತ್ತಿರುವ ಜಿಲ್ಲೆಯಲ್ಲಿಯೇ ಬಡಿಗನ ಮೋಟಾರು ವೋಲ್ಟೇಜಿಗಾಗಿ ನರಳುವುದು ವಿಪರ್ಯಾಸವೇ ಸರಿ. ಆದರೆ ಹೆಸ್ಕಾಂ ಕಡೆಗೆ ಬೆರಳು ತೋರಿಸುವ ಮೊದಲು, ಯಂತ್ರವು ಕಟ್ಟಿಗೆ ಸೀಳುತ್ತಿರುವಾಗ ಮೀಟರ್ ಬಳಿ ಮತ್ತು ಮೋಟಾರಿನ ಬಳಿ, ಎರಡೂ ಕಡೆ ವೋಲ್ಟೇಜನ್ನು ಬಲ್ಲ ಎಲೆಕ್ಟ್ರಿಷಿಯನ್ನನಿಂದ ಅಳೆಯಿಸಬೇಕು. ಮೀಟರ್ ಬಳಿ ಸರಿಯಿದ್ದು ಮೋಟಾರಿನ ಬಳಿ ಕುಸಿದಿದ್ದರೆ ದೋಷವು ಕಾರ್ಖಾನೆಯೊಳಗಿನ ತೆಳುವಾದ ಕೇಬಲ್ಲಿನದು. ಮೀಟರ್ ಬಳಿಯೇ ಕುಸಿದಿದ್ದರೆ ದಿನಾಂಕ, ವೇಳೆ, ಅಂಕಿಗಳೊಡನೆ ಲಿಖಿತ ದೂರು ಕೊಡಬೇಕು. ಬಾಯಿಮಾತಿನ ದೂರಿಗೆ ದಾಖಲೆ ಉಳಿಯುವುದಿಲ್ಲ.

ವಿದ್ಯುತ್ತು ಸರಿಯಾಗಿದ್ದೂ ಮೋಟಾರು ಕಾಯುತ್ತಿದ್ದರೆ, ಮೇನ್ ಸ್ವಿಚ್ ಆರಿಸಿ ಫ್ಯೂಸು ತೆಗೆದು, ಬೆಲ್ಟ್ ಬಿಚ್ಚಿ, ಬಳಿಕ ಮೋಟಾರನ್ನು ಬರಿದೇ ಓಡಿಸಿ ನೋಡಬೇಕು. ಸದ್ದಿಲ್ಲದೆ ತಣ್ಣಗೆ ಓಡಿದರೆ ದೋಷವು ಯಂತ್ರದ ಕಡೆಗಿದೆ: ಅತಿಯಾಗಿ ಬಿಗಿದ ಬೆಲ್ಟು, ಸವೆದ ಬೇರಿಂಗು, ಎಲ್ಲಕ್ಕಿಂತ ಹೆಚ್ಚಾಗಿ ಮೊಂಡಾದ ಬ್ಲೇಡು. ಬ್ಲೇಡಿನಲ್ಲಿ ಉಳಿಸಿದ ಹಣವನ್ನು ತಾಮ್ರದ ತಂತಿಗೆ ತೆರುವವರ ಸಂಖ್ಯೆ ಕಡಿಮೆಯೇನಿಲ್ಲ.

ಕಾರಣವನ್ನು ಹುಡುಕದೆ ರಿವೈಂಡಿಂಗಿಗೇ ಮೊರೆಹೋಗುವುದಕ್ಕೆ ಲೆಕ್ಕಪತ್ರದ ರೂಢಿಯೂ ಒಂದು ಕಾರಣ. ರಿವೈಂಡಿಂಗ್ ವೆಚ್ಚವು ದುರಸ್ತಿಯೆಂದು ಆ ವರ್ಷದ ಲಾಭದಲ್ಲಿ ಪೂರ್ತಿ ಕಳೆಯುತ್ತದೆ. ಹೊಸ ಮೋಟಾರು ಆಸ್ತಿಯಾಗಿ ವರ್ಷಕ್ಕೆ ಶೇ. 15ರ ಸವಕಳಿಯನ್ನಷ್ಟೇ ಪಡೆಯುತ್ತದೆ. ಹೀಗಾಗಿ ದುರಸ್ತಿಯೇ ಅಗ್ಗವೆಂಬ ಭ್ರಮೆ ಮೂಡುತ್ತದೆ. ತೆರಿಗೆಯಲ್ಲಿ ಉಳಿಯುವುದು ಖರ್ಚಿನ ಒಂದು ಪಾಲು ಮಾತ್ರ. ಉಳಿದುದು ಕೈಯಿಂದಲೇ ಹೋಗುತ್ತದೆ. ಕಳಪೆ ರಿವೈಂಡಿಂಗಿನಿಂದ 7.5 ಎಚ್.ಪಿ. ಮೋಟಾರಿನ ದಕ್ಷತೆ ಶೇ. 86ರಿಂದ 84ಕ್ಕೆ ಇಳಿಯಿತೆನ್ನೋಣ. ಪೂರ್ಣ ಹೊರೆಯಲ್ಲಿ ವರ್ಷಕ್ಕೆ 1,800 ತಾಸು ಓಡಿದರೆ ಸುಮಾರು 280 ಯೂನಿಟ್ ಹೆಚ್ಚು ವ್ಯಯ. ಅದು ದೊಡ್ಡ ಮೊತ್ತವಲ್ಲ, ನಿಜ. ದೊಡ್ಡ ನಷ್ಟವೆಂದರೆ ಯಂತ್ರ ನಿಂತ ದಿನಗಳದು. ಆ ನಷ್ಟಕ್ಕೆ ಖಾತೆಯಲ್ಲಿ ಕಲಮೇ ಇಲ್ಲ. ಯಂತ್ರವಾರು ಒಂದು ನೋಟ್‌ಪುಸ್ತಕವಿಟ್ಟು, ಸುಟ್ಟ ದಿನಾಂಕ, ಕಾರಣ, ನಿಂತ ದಿನಗಳನ್ನು ಬರೆದರೆ ಎರಡೇ ವರ್ಷಗಳಲ್ಲಿ ಚಿತ್ರ ಸ್ಪಷ್ಟವಾಗುತ್ತದೆ. ಹೊಸ ಮೋಟಾರು ಕೊಳ್ಳುವುದಾದರೆ, ಹೊಟ್ಟು ಒಳನುಗ್ಗದಂತೆ ಪೂರ್ತಿ ಮುಚ್ಚಿದ, ಹೊರ ಫ್ಯಾನಿನ ಮಾದರಿಯೇ ಯೋಗ್ಯ. ಜಿಎಸ್‌ಟಿ ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿತರಾಗಿ ತೆರಿಗೆಗೊಳಪಡುವ ವ್ಯವಹಾರ ನಡೆಸುವವರಿಗೆ ಅದರ ಮೇಲಿನ ತೆರಿಗೆಯ ಜಮೆ ದೊರೆಯುತ್ತದೆ. ಕಾಂಪೋಸಿಷನ್ ಪದ್ಧತಿಯವರಿಗೆ ದೊರೆಯುವುದಿಲ್ಲ.

ಇನ್ನು ಉಪಸಾಧನಗಳು. ಮಾರಾಟಗಾರರು ಮೊದಲು ತೋರಿಸುವುದು ಅಳತೆಪಟ್ಟಿಯ ಫೆನ್ಸು, ದೀಪ, ಗಾಲಿಯ ಸ್ಟ್ಯಾಂಡು. ಇವು ಬೇಡವೆಂದಲ್ಲ; ಆದರೆ ಮೊದಲ ಹಣವು ಒಂದು ಫೇಸು ಹೋದೊಡನೆ ಮೋಟಾರನ್ನು ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರಿಗೆ, ಮೋಟಾರಿನ ಫಲಕದ ಆಂಪಿಯರಿಗೆ ಹೊಂದಿಸಿದ ಓವರ್‌ಲೋಡ್ ರಿಲೇಗೆ, ಹೊರೆ ಏರುವುದನ್ನು ಕಣ್ಣಿಗೆ ಕಾಣಿಸುವ ಆಂಪಿಯರ್ ಮೀಟರಿಗೆ ಸಲ್ಲಬೇಕು. ಬ್ಲೇಡಿನಲ್ಲಿ ದಪ್ಪ ದಿಮ್ಮಿಗೆ ಇಂಚಿಗೆ ಮೂರರಂತೆ ಬಿರಳ ಹಲ್ಲು, ತೆಳು ಹಲಗೆಗೆ ಒತ್ತಾದ ಹಲ್ಲು. ಯಾವಾಗಲೂ ಕನಿಷ್ಠ ಮೂರು ಹಲ್ಲುಗಳು ಕಟ್ಟಿಗೆಯಲ್ಲಿರಬೇಕು.

ಸ್ಟಾರ್ಟರಿನಲ್ಲಿ ನೋ-ವೋಲ್ಟ್ ಕಾಯಿಲ್ ಇರುವುದನ್ನು ಖಚಿತಪಡಿಸಿಕೊಳ್ಳುವುದೂ ಅಗತ್ಯ. ಕಾಯಿಲ್ ಕೆಟ್ಟಾಗ ಸ್ಟಾರ್ಟರಿನ ಗುಂಡಿಗೆ ಕಡ್ಡಿ ಸಿಕ್ಕಿಸಿ ಯಂತ್ರ ಓಡಿಸುವ ಪದ್ಧತಿ ಹಲವೆಡೆ ಉಂಟು. ಹಾಗೆ ಮಾಡಿದ ಯಂತ್ರವು, ಕರೆಂಟು ಹೋಗಿರುವಾಗ ಕೆಲಸಗಾರನು ಬ್ಲೇಡಿನ ಬಳಿ ಸಿಕ್ಕ ಚೂರನ್ನು ತೆಗೆಯುತ್ತಿದ್ದರೆ, ಕರೆಂಟು ಬಂದ ಕ್ಷಣದಲ್ಲಿ ಅವನ ಕೈ ಅಲ್ಲಿರುವಾಗಲೇ ತಾನಾಗಿ ತಿರುಗತೊಡಗುತ್ತದೆ.