ಹೊಳೆಯ ದಂಡೆಯ ಕವಲು

‘ಕಥೆಯನ್ನು ಓದುಗನೇ ನಡೆಸಬೇಕು, ಕಥೆಗಾರನ ದೊರೆತನ ಮುಗಿಯಿತು’ ಎಂಬ ಕೂಗು ಈಚೆಗೆ ಬಲು ಜೋರಾಗಿದೆ. ಪುಟದ ಕೊನೆಯಲ್ಲಿ, ಇಲ್ಲವೆ ಫೋನಿನ ತೆರೆಯ ಮೇಲೆ, ಎರಡು ಹಾದಿ ತೋರಿಸಿ ‘ಬೇಕಾದುದನ್ನು ಆರಿಸಿಕೊಳ್ಳಿ’ ಎನ್ನುವ ಕವಲುಕಥೆಗಳ ಪರವಾದ ಕೂಗಿದು. ಒಳ್ಳೆಯದೇ. ಆದರೆ ಆರಿಸಿಕೊಳ್ಳುವುದೆಂದರೇನೆಂದು ಈ ಮಹನೀಯರು ಒಂದು ಗಳಿಗೆಯಾದರೂ ಯೋಚಿಸಿದ್ದಾರೆಯೇ?

ಎಡಬಾಗಿಲ ಹಿಂದೆ ಹೊನ್ನಿನ ಹಂಡೆ, ಬಲಬಾಗಿಲ ಹಿಂದೆ ಹಾವು. ಓದುಗನಿಗೆ ಸುಳಿವು ಮಾತ್ರ ಇಲ್ಲ. ಇದು ಆಯ್ಕೆಯಲ್ಲ, ಜೂಜು. ಇನ್ನು ಕೆಲವರದು ಇದಕ್ಕಿಂತ ಸೊಗಸು: ಯಾವ ಹಾದಿ ಹಿಡಿದರೂ ಮುಂದಿನ ಪುಟದಲ್ಲಿ ಅದೇ ಮಾತು, ಅದೇ ಮುಖ. 1967ರಲ್ಲಿ ಮಾಂಟ್ರಿಯಲ್ ನಗರದ ವಿಶ್ವ ವಸ್ತುಪ್ರದರ್ಶನದಲ್ಲಿ ಜೆಕೊಸ್ಲೊವಾಕಿಯದವರು ‘ಕಿನೋಆಟೊಮಾಟ್’ ಎಂಬ ಚಿತ್ರ ತೋರಿಸಿದರು. ಪ್ರೇಕ್ಷಕರು ಕುಳಿತಲ್ಲಿಯೇ ಗುಂಡಿಯೊತ್ತಿ ಮತ ಹಾಕಬೇಕು, ಬಹುಮತದಂತೆ ಕಥೆ ಸಾಗಬೇಕು. ಹೇಗೆ ಮತ ಹಾಕಿದರೂ ಕೊನೆಗೆ ಮನೆಗೆ ಬೆಂಕಿ! ನಿರ್ದೇಶಕ ಚಿಂಚೆರಾ ಅದನ್ನು ವಿಡಂಬನೆಯೆಂದೇ ಮಾಡಿದ್ದ. ಇವರು ವಿಡಂಬನೆಯನ್ನು ಅಲ್ಲಿಯೇ ಬಿಟ್ಟು ಉಪಾಯವನ್ನಷ್ಟೇ ಹೊತ್ತು ತಂದಿದ್ದಾರೆ.

ನಮ್ಮ ಮುದ್ದೇಬಿಹಾಳದ ಕಡೆ, ಕೃಷ್ಣೆಯ ದಂಡೆಯಲ್ಲಿ, ತಂಗಡಗಿಯೆಂಬ ಊರಿದೆ, ನೀಲಾಂಬಿಕೆಯವರ ಐಕ್ಯಸ್ಥಳ. ಕೂಡಲಸಂಗಮದಿಂದ ಬಸವಣ್ಣನವರ ಕರೆಯನ್ನು ಹಡಪದ ಅಪ್ಪಣ್ಣ ತಂದನೆಂದೂ, ತಾಯಿ ಹೊಳೆ ದಾಟದೆ, ಸಂಗಮನಾಥ ಈ ದಂಡೆಯಲ್ಲಿಯೂ ಉಂಟೆಂದು ನಂಬಿ ಇಲ್ಲಿಯೇ ಲಿಂಗೈಕ್ಯರಾದರೆಂದೂ ಪ್ರತೀತಿ. ದಾಟಿದರೆ ಕರೆದವರ ಮಾತು ಉಳಿದೀತು. ನಿಂತರೆ ತನ್ನ ನಂಬಿಕೆ ಉಳಿದೀತು. ಎರಡೂ ಒಳ್ಳೆಯವು, ಎರಡಕ್ಕೂ ಬೆಲೆ ತೆರಬೇಕು, ಬೆಲೆಯೇನೆಂಬುದೂ ಮೊದಲೇ ಗೊತ್ತು. ಓದುಗನನ್ನು ಅಂಥ ದಂಡೆಗೆ ತಂದು ನಿಲ್ಲಿಸುವ ಕವಲುಕಥೆ ಎಲ್ಲಿದೆ, ತೋರಿಸಲಿ.

ಪ್ರತಿ ಕವಲಿಗೂ ಬೇರೆ ಕಥೆಯಾದರೆ ಹತ್ತು ಕವಲಿಗೆ 1024 ಮುಕ್ತಾಯಗಳಾಗುತ್ತವೆ, ಬರೆಯುವವರಾರು ಎಂಬ ಆಕ್ಷೇಪವುಂಟು. ಲೆಕ್ಕ ಸರಿ, ಆಕ್ಷೇಪ ತಪ್ಪು. ಹಾದಿಗಳು ಮುಂದೆ ಕೂಡಲಿ ಬಿಡಿ. ಮಲಪ್ರಭೆ ಕೃಷ್ಣೆಯನ್ನು ಕೂಡುವುದಿಲ್ಲವೇ? ನಡೆದು ಬಂದವನ ಕಾಲಿನ ಕೆಸರು ಮಾತ್ರ ಕಾಣಬೇಕು. ಮೂರನೆಯ ಅಧ್ಯಾಯದಲ್ಲಿ ಗೆಳೆಯನಿಗೆ ಸುಳ್ಳು ಹೇಳಿದವನನ್ನು ಒಂಬತ್ತನೆಯದರಲ್ಲಿ ಆ ಗೆಳೆಯ ಏನೂ ಆಗದವನಂತೆ ಚಹಕ್ಕೆ ಕರೆದರೆ, ಆ ಸುಳ್ಳನ್ನು ಓದುಗನ ಕೈಯಲ್ಲಿ ಹೇಳಿಸಿದ್ದೇಕೆ?

ನನ್ನ ವಿದ್ಯಾರ್ಥಿನಿಯೊಬ್ಬಳು ತಂಗಡಗಿಯನ್ನೇ ಹಿಡಿದು ಇಂಥದೊಂದು ಕಥೆ ಬರೆದು ತಂದಿದ್ದಳು. ದಾಟುವುದು, ನಿಲ್ಲುವುದು, ಮೂರನೆಯದಾಗಿ, ಬೆಳಗಾಗುವವರೆಗೆ ದೋಣಿಗಾಗಿ ಕಾಯುವುದು. ಮೂರನೆಯದನ್ನು ನಾನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ. “ಓದಿದವರೆಲ್ಲ ಅದನ್ನೇ ಆರಿಸಿದರಲ್ಲ, ಸರ್” ಎಂದಳು. “ಅದಕ್ಕೇ ಹೊಡೆದದ್ದವ್ವಾ” ಎಂದೆ. ಆಕೆ ಇನ್ನೂ ಒಪ್ಪಿಲ್ಲ.