ಮೋಟಾರು ಸುಟ್ಟರೆ ಸಂಬಳಕ್ಕೆ ಕತ್ತರಿಯೇ?



ನಾಸಿಕದ ಸಾತ್ಪುರ, ಅಂಬಡ. ಛತ್ರಪತಿ ಸಂಭಾಜಿನಗರದ ಚಿಕಲ್‌ಠಾಣಾ, ವಾಳೂಜ್. ಈ ಹೆಸರುಗಳು ನಮಗೆ ಹೊಸವಲ್ಲ. ಹೋಟೆಲುಗಳಲ್ಲಿ ಕಪ್ಪು ಬಸಿ ತೊಳೆದ ನಮ್ಮವರ ಮಕ್ಕಳು ಕೆಲವರು ಇಂದು ಆ ಕಡೆಯ ಸಣ್ಣ ಷೆಡ್ಡುಗಳಲ್ಲಿ ಲೇತಿನ ಮುಂದೆ ನಿಂತಿದ್ದಾರೆ. ಅವರು ತಂದ ದೂರು ಇದು: ಯಂತ್ರದ ಮೋಟಾರು ಮೂರು ಫೇಸಿನದು, ಷೆಡ್ಡಿಗೆ ಬಂದ ಕರೆಂಟು ಒಂದೇ ಫೇಸಿನದು. ನಡುವೆ ಎರಡು ಕಂಡೆನ್ಸರು ಕಟ್ಟಿಸಿ "ಓಡಿಸು" ಎನ್ನುತ್ತಾರೆ ಧಣಿಗಳು. ಮೋಟಾರು ಸುಟ್ಟರೆ ದಂಡ ಮಾತ್ರ ಹುಡುಗನಿಗೆ.

ಇದನ್ನು ನಾವು ಕೇಳಿ ಮಾತ್ರ ಬಲ್ಲವರಲ್ಲ. ಹೋಟೆಲಿನ ರುಬ್ಬುವ ಯಂತ್ರದ ಬಳಿ ಇದನ್ನೇ ಉಂಡಿದ್ದೇವೆ. ಯಂತ್ರ ಗುಂಯ್‌ಗುಟ್ಟಿ ನಿಂತಿತು, ಹೊಗೆ ಎದ್ದಿತು, ತಿಂಗಳ ಕೊನೆಗೆ ನಮ್ಮ ಸಂಬಳದಲ್ಲಿ ರಿಪೇರಿಯ ಹಣ ಮುರಿದರು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ!

ಅಸಲು ಸಂಗತಿಯೇನು? ಒಂದೇ ಒರಳಿಗೆ ಮೂವರು ಹೆಂಗಸರು ಸರದಿಯಂತೆ ಒನಕೆ ಹಾಕುವುದನ್ನು ನೆನೆಯಿರಿ. ಮೂರು ಫೇಸು ಹಾಗೆ. ಒಂದರ ಹಿಂದೆ ಒಂದು ಬಂದು ಮೋಟಾರನ್ನು ತಾವೇ ತಿರುಗಿಸುತ್ತವೆ. ಒಂದೇ ಫೇಸು ಕೊಟ್ಟರೆ ನಿಂತ ಮೋಟಾರಿಗೆ ಯಾವ ಕಡೆ ತಿರುಗಬೇಕೆಂದೇ ತಿಳಿಯದು, ಗುಂಯ್‌ಗುಡುತ್ತ ಬಿಸಿಯಾಗುತ್ತದೆ. ಕಂಡೆನ್ಸರು ಇಲ್ಲದ ಫೇಸಿನ ಜಾಗದಲ್ಲಿ ಒಂದು ನಕಲಿ ಫೇಸನ್ನು ಹುಟ್ಟಿಸುತ್ತದೆ. ಆದರೆ ಒಂದು ಹೊರೆಗೆ ಒಗ್ಗಿದ ಕಂಡೆನ್ಸರು ಇನ್ನೊಂದು ಹೊರೆಗೆ ಒಗ್ಗದು. ಒಳಗಿನ ಸುರುಳಿಗಳಲ್ಲಿ ಕರೆಂಟು ಏರುಪೇರಾಗುತ್ತದೆ. ಇಂಥ ಮೋಟಾರಿನಿಂದ ಸುಮಾರು ಮೂರರಲ್ಲಿ ಎರಡು ಪಾಲು ಕೆಲಸ ತೆಗೆಯಬಹುದು. ಪೂರಾ ಕೆಲಸ ತೆಗೆದರೆ ಸುಡದೆ ಇನ್ನೇನಾದೀತು?

ತಂತಿಯ ಲೆಕ್ಕವನ್ನೂ ನೋಡಿ. 3 ಕುದುರೆಶಕ್ತಿಯ ಮೋಟಾರು 415 ವೋಲ್ಟಿನ ಮೂರು ಫೇಸಿನಲ್ಲಿ ತಂತಿಗೆ ಸುಮಾರು 5 ಆಂಪಿಯರ್ ಎಳೆಯುತ್ತದೆ. ಅದೇ ಕೆಲಸವನ್ನು 230 ವೋಲ್ಟಿನ ಒಂದು ಫೇಸಿನಿಂದ ಮಾಡಿಸಿದರೆ 12 ಆಂಪಿಯರ್ ಮೀರುತ್ತದೆ. ಹಳೆಯ ಸಪೂರ ತಂತಿ ಇದನ್ನು ತಾಳೀತೇ? ಸ್ವಿಚ್ಚು ಆರಿಸಿದ ಮೇಲೂ ಕಂಡೆನ್ಸರಿನಲ್ಲಿ ಕರೆಂಟು ಉಳಿದಿರುತ್ತದೆ. ಅದನ್ನು ಮುಟ್ಟುವ ಕೈ ಧಣಿಯದಲ್ಲ.

ನಾವು ಯಂತ್ರದ ವೈರಿಗಳಲ್ಲ. ತಾನೇ ದುಡಿದು ಬಾಡಿಗೆ ಷೆಡ್ಡಿನಲ್ಲಿ ಬದುಕುವ ಸಣ್ಣ ಕಸುಬುದಾರನ ಕಷ್ಟವನ್ನೂ ಬಲ್ಲೆವು. ಒಂದು ಫೇಸನ್ನು ಮೂರು ಮಾಡುವ ಡ್ರೈವ್ ಎಂಬ ಸಾಧನ ಮಾರುಕಟ್ಟೆಯಲ್ಲಿದೆ. ಮೋಟಾರಿನ ತಗಡಿನಲ್ಲಿ 230/415 ಎಂದಿದ್ದು, ಅದನ್ನು ಡೆಲ್ಟಾ ಜೋಡಣೆಗೆ ಬದಲಿಸಿ, ಹೊರೆಗೆ ತಕ್ಕ ಡ್ರೈವ್ ಮತ್ತು ದಪ್ಪ ತಂತಿ ಹಾಕಿಸಿದರೆ ನಮ್ಮ ತಕರಾರಿಲ್ಲ. ತಗಡಿನಲ್ಲಿ ಬರೀ 415 ಇದ್ದರೆ ಆ ಸಾಮಾನ್ಯ ಡ್ರೈವ್‌ನಿಂದ ಪೂರ್ಣ ಬಲ ಬಾರದು.

"ಮೂರು ಫೇಸಿನ ಕನೆಕ್ಷನ್ ಸಿಗುವುದೇ ಇಲ್ಲ" ಎನ್ನುವವರಿಗೆ ನಮ್ಮ ಪ್ರಶ್ನೆ: ಅರ್ಜಿ ಹಾಕಿದ್ದೀರಾ? 2003ರ ವಿದ್ಯುಚ್ಛಕ್ತಿ ಕಾನೂನಿನ 43ನೆಯ ಕಲಮಿನ ಪ್ರಕಾರ ಅರ್ಜಿ ಬಂದ ಒಂದು ತಿಂಗಳೊಳಗೆ ಸರಬರಾಜು ಕೊಡಬೇಕು. ಹೊಸ ಲೈನು ಎಳೆಯಬೇಕಾದರೆ ಮಾತ್ರ ಹೆಚ್ಚು ಕಾಲ ಹಿಡಿದೀತು. ಎರಡೂ ಊರುಗಳಲ್ಲಿ ಅದನ್ನು ಕೊಡಬೇಕಾದದ್ದು ಮಹಾವಿತರಣ. ತಿಂಗಳ ಸ್ಥಿರ ಶುಲ್ಕ ಉಳಿಸಲು ಅರ್ಜಿಯನ್ನೇ ಹಾಕದವನು ಆ ಉಳಿತಾಯವನ್ನು ಯಾರ ಜೇಬಿನಿಂದ ತೆಗೆಯುತ್ತಾನೆ?

ಕಾರ್ಮಿಕನ ಅಲಕ್ಷ್ಯವೇ ಕಾರಣವೆಂದು ತೋರಿಸದೆ, ಅವನ ಮಾತು ಕೇಳದೆ, ನಷ್ಟವನ್ನು ಸಂಬಳದಲ್ಲಿ ಮುರಿಯುವಂತಿಲ್ಲ. 1936ರ ವೇತನ ಪಾವತಿ ಕಾನೂನಿನಲ್ಲಿದ್ದ ಈ ರಕ್ಷಣೆ 2019ರ ವೇತನ ಸಂಹಿತೆಯಲ್ಲೂ ಇದೆ. ಕಂಡೆನ್ಸರು ಕಟ್ಟಿಸಿದವನು ಧಣಿಯಾದರೆ ಅಲಕ್ಷ್ಯ ಯಾರದು?

ಆದ್ದರಿಂದ ಬಂಧುಗಳೇ, ಯಂತ್ರ ಮುಟ್ಟುವ ಮೊದಲು ಮೂರು ಮಾತು ಕೇಳಿ: ಅರ್ಥಿಂಗ್ ಇದೆಯೇ? ಅತಿಹೊರೆಗೆ ತಾನೇ ಕಡಿಯುವ ಸ್ವಿಚ್ಚು ಇದೆಯೇ? ಇದನ್ನು ಜೋಡಿಸಿದವನು ಲೈಸೆನ್ಸ್ ಇರುವ ವಯರ್‌ಮನ್ನೇ? ಒಬ್ಬನೇ ಕೇಳಿದರೆ ಗೇಟಿನ ಹೊರಗೆ ಕಳುಹಿಸಿಯಾರು. ಹತ್ತು ಮಂದಿ ಕೂಡಿ ಕೇಳಿರಿ. ಒಂದೇ ಫೇಸಿನಿಂದ ಮೋಟಾರು ತಾನಾಗಿ ಎದ್ದು ತಿರುಗದು. ಒಬ್ಬನಿಂದ ಸಂಘವೂ ನಡೆಯದು.